ಕ್ಯಾಸೆಟ್ ತುಂಬಿಸಿಕೊಟ್ಟ ಗೆಳೆಯ ಕಳ್ಳನಲ್ಲ

1981ರಲ್ಲಿ ಬ್ರಿಟನ್ನಿನ ಧ್ವನಿಮುದ್ರಣ ಕಂಪನಿಗಳ ಸಂಘ ಒಂದು ಪ್ರಚಾರ ಶುರುಮಾಡಿತು. ಅದರ ಲಾಂಛನ ಕಡಲ್ಗಳ್ಳರ ಬಾವುಟದಿಂದ ಎತ್ತಿದ್ದು. ಅಡ್ಡಡ್ಡ ಇಟ್ಟ ಎರಡು ಮೂಳೆ, ಅವುಗಳ ಮೇಲೆ ತಲೆಬುರುಡೆಯ ಜಾಗದಲ್ಲಿ ಒಂದು ಕ್ಯಾಸೆಟ್. ಮನೆಯಲ್ಲಿ ಹಾಡು ತುಂಬಿಸಿಕೊಳ್ಳುವವರು ಸಂಗೀತವನ್ನು ಕೊಲ್ಲುತ್ತಿದ್ದಾರೆ, ಮೇಲಾಗಿ ಅದು ಕಾನೂನಿಗೆ ವಿರುದ್ಧ ಎನ್ನುವುದು ಘೋಷಣೆಯ ತಾತ್ಪರ್ಯ. ಎಲ್‌ಪಿ ರೆಕಾರ್ಡುಗಳ ಒಳಚೀಲದ ಮೇಲೆ ಅಚ್ಚಾಗಿ ಈ ಚಿತ್ರ ಮನೆಮನೆಗೆ ಹೋಯಿತು. ದುಡ್ಡು ಕೊಟ್ಟು ರೆಕಾರ್ಡು ಕೊಂಡವನಿಗೇ 'ಕದಿಯಬೇಡ' ಎಂಬ ಉಪದೇಶ!

ಕಟಕಟೆಯಲ್ಲಿ ನಿಲ್ಲಿಸಿದ್ದು ಯಾರನ್ನು ಎಂದು ಒಮ್ಮೆ ನೋಡಬೇಕು. ಎಂಬತ್ತು-ತೊಂಬತ್ತರ ದಶಕದಲ್ಲಿ ಕಾಲೇಜು ಓದಿದವರಿಗೆಲ್ಲ ಈ ಆರೋಪಿಯ ಪರಿಚಯವಿದೆ. ಪ್ರತಿ ಹಾಸ್ಟೆಲಿನಲ್ಲೂ, ಪ್ರತಿ ಬಡಾವಣೆಯಲ್ಲೂ ಅಂಥವನೊಬ್ಬ ಇರುತ್ತಿದ್ದ. ಅವನ ಕೋಣೆಯಲ್ಲಿ ಡಬಲ್ ಡೆಕ್ ಟೇಪ್ ರೆಕಾರ್ಡರ್ ಇರುತ್ತಿತ್ತು. ಖಾಲಿ 'ತೊಂಬತ್ತರ' ಕ್ಯಾಸೆಟ್ ಒಂದನ್ನು ತಂದುಕೊಟ್ಟರೆ ಸಾಕು, ಎರಡು ಮೂರು ಸಂಜೆ ಕೂತು ಹಾಡು ತುಂಬಿಸಿಕೊಡುತ್ತಿದ್ದ. ಒಂದೊಂದು ಬದಿಗೆ 45 ನಿಮಿಷ. ಕೊನೆಯ ಹಾಡು ಅರ್ಧಕ್ಕೆ ತುಂಡಾಗಬಾರದೆಂದು ಮೊದಲೇ ಕಾಗದದ ಮೇಲೆ ನಿಮಿಷ ಸೆಕೆಂಡುಗಳ ಲೆಕ್ಕ ಹಾಕುತ್ತಿದ್ದ. ಯಾವುದರ ಹಿಂದೆ ಯಾವುದು ಬರಬೇಕೆಂದು ತಲೆ ಕೆಡಿಸಿಕೊಳ್ಳುತ್ತಿದ್ದ. ಡಬ್ಬಿಯೊಳಗಿನ ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಹಾಡು, ಬ್ಯಾಂಡುಗಳ ಹೆಸರು ಬರೆಯುತ್ತಿದ್ದ. ಕೊನೆಗೆ, ಯಾರೂ ಮರೆತು ಅದರ ಮೇಲೆ ಬೇರೇನನ್ನೂ ತುಂಬಿಸದಿರಲಿ ಎಂದು ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಪೆನ್ನಿನ ಮೊನೆಯಿಂದ ಮುರಿದು ಕೈಗೆ ಕೊಡುತ್ತಿದ್ದ.

ಕ್ಯಾಸೆಟ್ ಪಡೆದವರು ಕೇಳಿದ್ದು ಗೊತ್ತಿದ್ದ ನಾಲ್ಕು ಹಾಡು. ಸಿಕ್ಕಿದ್ದು ಅವುಗಳ ನಡುವೆ ಕೂತಿದ್ದ, ಹೆಸರೇ ಕೇಳಿರದ ಒಂದು ಬ್ಯಾಂಡು. ಮೊದಲ ಸಲ ಆ ಹಾಡು ಬಂದಾಗ ಫಾರ್ವರ್ಡ್ ಒತ್ತಿದವರು, ಬ್ಯಾಟರಿ ಮುಗಿಯುವ ಭಯಕ್ಕೆ ಎರಡನೇ ಸಲ ಒತ್ತಲಿಲ್ಲ. ಮೂರನೇ ಸಲ ಅದನ್ನೇ ಹುಡುಕಿ ಹಾಕಿದರು. ಆಮೇಲೆ ಅದೇ ಅವರ ಬ್ಯಾಂಡಾಯಿತು. ಹತ್ತು ವರ್ಷ ಬಿಟ್ಟು ಟಿಕೆಟ್ ಕೊಂಡು ಮೈದಾನದಲ್ಲಿ ನಿಂತವರು, ಅಂಗಡಿಗೆ ಹೋಗಿ ಮೂಲ ಕ್ಯಾಸೆಟ್ ಕೊಂಡವರು, ಮತ್ತಿಬ್ಬರಿಗೆ ತುಂಬಿಸಿಕೊಟ್ಟವರು ಇವರೇ.

ಸಂಗೀತವನ್ನು ಕೊಂದ ಆರೋಪ ಹೊತ್ತವನು ಈ ಗೆಳೆಯ. ಆರೋಪ ಸುಳ್ಳು ಎಂದರೆ ಸಾಲದು, ಅದನ್ನು ತಿರುಗಿಸಿ ಹಾಕಬೇಕು. ಸಣ್ಣ ಬ್ಯಾಂಡುಗಳಿಗೆ ಕೇಳುಗರನ್ನು ಹುಡುಕಿಕೊಟ್ಟವನು ಅವನು. ಅವನನ್ನು ಕಳ್ಳನೆಂದ ಉದ್ಯಮ ಇಂದು, ಎಲ್ಲವೂ ಕಾನೂನುಬದ್ಧವಾಗಿರುವ ಕಾಲದಲ್ಲಿ, ಅದೇ ಸಣ್ಣ ಬ್ಯಾಂಡಿನ ಜೇಬಿಗೆ ಕೈ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬುದು ಇದಕ್ಕೇ.

ಮೊದಲು ಹಳೆಯ ಖಟ್ಲೆಯನ್ನೇ ನೋಡಬಹುದು. ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಪ್ರದರ್ಶನದಲ್ಲಿ ಕ್ಯಾಸೆಟ್ಟನ್ನು ಲೋಕಕ್ಕೆ ತೋರಿಸಿದ್ದು 1963ರಲ್ಲಿ. ಸೋನಿ ವಾಕ್‌ಮನ್ ಬಂದಿದ್ದು 1979ರಲ್ಲಿ. ಈ ಪುಟ್ಟ ಡಬ್ಬಿಯ ವಿಶೇಷ ಕೇಳುವುದಕ್ಕಷ್ಟೇ ಸೀಮಿತವಾಗಿರಲಿಲ್ಲ. ಅದು ಬರೆಯುವ ಹಲಗೆಯೂ ಆಗಿತ್ತು. ಅಲ್ಲಿಯವರೆಗೆ ಯಾವ ಹಾಡಿನ ಪಕ್ಕ ಯಾವ ಹಾಡು ಕೂರಬೇಕೆಂದು ನಿರ್ಧರಿಸುವ ಅಧಿಕಾರ ಕಂಪನಿಗೂ ರೇಡಿಯೋಗೂ ಇತ್ತು. ಕ್ಯಾಸೆಟ್ ಅದನ್ನು ಕೇಳುಗನ ಕೈಗೆ ಕೊಟ್ಟಿತು. ಕಂಪನಿಗಳಿಗೆ ತಡೆಯಲಾಗದ್ದು ಇದು. ಬ್ರಿಟನ್ನಿನ ಆಮ್‌ಸ್ಟ್ರಾಡ್ ಕಂಪನಿ ವೇಗವಾಗಿ ನಕಲು ಮಾಡುವ ಎರಡು ಡೆಕ್ಕಿನ ಯಂತ್ರವನ್ನು ಅಗ್ಗವಾಗಿ ಮಾರಿದಾಗ ಧ್ವನಿಮುದ್ರಣ ಕಂಪನಿಗಳು ಕೋರ್ಟಿಗೆ ಹೋದವು. 1988ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವರ ವಾದವನ್ನು ತಳ್ಳಿಹಾಕಿತು. ಯಂತ್ರ ಮಾರಿದ ಮಾತ್ರಕ್ಕೆ ಕಂಪನಿ ಹಕ್ಕುಸ್ವಾಮ್ಯದ ಉಲ್ಲಂಘನೆಗೆ ಅಪ್ಪಣೆ ಕೊಟ್ಟಂತಾಗುವುದಿಲ್ಲ ಎಂದಿತು. ಜರ್ಮನಿ ಅದಕ್ಕೂ ಬಹಳ ಮೊದಲು, 1965ರಲ್ಲೇ, ಬುದ್ಧಿವಂತಿಕೆಯ ದಾರಿ ಹಿಡಿದಿತ್ತು: ಮನೆಯೊಳಗಿನ ನಕಲಿಗೆ ಅವಕಾಶ ಕೊಟ್ಟು, ರೆಕಾರ್ಡ್ ಮಾಡುವ ಯಂತ್ರಗಳ ಮೇಲೆ ಸಣ್ಣ ಶುಲ್ಕ ಹಾಕಿ, ಆ ಹಣವನ್ನು ಹಕ್ಕುದಾರರಿಗೆ ಹಂಚುವ ಏರ್ಪಾಟು ಮಾಡಿತ್ತು.

ಇನ್ನು ನಷ್ಟದ ಮಾತು. ಅಮೆರಿಕದ ಕಾಂಗ್ರೆಸ್ಸಿಗೆ ತಂತ್ರಜ್ಞಾನದ ವಿಷಯದಲ್ಲಿ ಸಲಹೆ ಕೊಡುತ್ತಿದ್ದ ಕಚೇರಿ 1989ರಲ್ಲಿ ಮನೆಯ ನಕಲಿನ ಬಗ್ಗೆ ದೊಡ್ಡ ವರದಿ ತಂದಿತು. ಅದು ಕಂಡದ್ದು ಉದ್ಯಮಕ್ಕೆ ಮುಜುಗರದ ಸಂಗತಿ. ಕ್ಯಾಸೆಟ್ ತುಂಬಿಸಿಕೊಳ್ಳುವವರೇ, ತುಂಬಿಸಿಕೊಳ್ಳದವರಿಗಿಂತ ಹೆಚ್ಚಾಗಿ ಸಂಗೀತ ಕೊಳ್ಳುವವರೂ ಆಗಿದ್ದರು. ಇದರಲ್ಲಿ ಆಶ್ಚರ್ಯವೇನಿಲ್ಲ. ಪುಸ್ತಕ ಎರವಲು ಪಡೆಯುವವರೇ ಪುಸ್ತಕದಂಗಡಿಗೂ ಹೋಗುವವರು. ಹಸಿವೇ ಇಲ್ಲದವನು ಕದಿಯುವುದೂ ಇಲ್ಲ, ಕೊಳ್ಳುವುದೂ ಇಲ್ಲ.

ದೊಡ್ಡ ತಾರೆಯೊಬ್ಬನ ಕ್ಯಾಸೆಟ್ಟನ್ನು ನಕಲು ಮಾಡಿದಾಗ ಅವನಿಗೆ ಒಂದಿಷ್ಟು ಮಾರಾಟ ತಪ್ಪಿರಬಹುದು, ಒಪ್ಪೋಣ. ಇಂಡೀ ಬ್ಯಾಂಡಿನ ಲೆಕ್ಕವೇ ಬೇರೆ. ಅದಕ್ಕೆ ರೇಡಿಯೋ ಇಲ್ಲ, ಜಾಹೀರಾತಿಲ್ಲ, ಅಂಗಡಿಯ ಮುಂದಿನ ಸಾಲಿನಲ್ಲಿ ಜಾಗವಿಲ್ಲ. ಹೆಸರೇ ಗೊತ್ತಿಲ್ಲದ ಬ್ಯಾಂಡಿನ ಕ್ಯಾಸೆಟ್ಟನ್ನು ಯಾರೂ ಕೊಳ್ಳಹೊರಟಿರಲಿಲ್ಲ. ಆದ್ದರಿಂದ ಗೆಳೆಯನ ನಕಲಿನಿಂದ ತಪ್ಪಿಹೋದ ಮಾರಾಟ ಸೊನ್ನೆ. ಸಿಕ್ಕ ಕೇಳುಗ ಒಬ್ಬ.

ಇದು ಬರೀ ತರ್ಕವಲ್ಲ, ನಡೆದ ಕತೆ. 1982ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಹುಡುಗರು 'ನೋ ಲೈಫ್ ಟಿಲ್ ಲೆದರ್' ಎಂಬ ಡೆಮೊ ಕ್ಯಾಸೆಟ್ ಮಾಡಿದರು. ಅವರ ಡ್ರಮ್ಮರ್ ಲಾರ್ಸ್ ಉಲ್ರಿಕ್ ತಾನೇ ಅಂಚೆಯಲ್ಲಿ ಕ್ಯಾಸೆಟ್ ವಿನಿಮಯ ಮಾಡಿಕೊಳ್ಳುತ್ತಿದ್ದ ಹುಚ್ಚರ ಗುಂಪಿನವನು. ಅದೇ ಜಾಲದಲ್ಲಿ ಡೆಮೊ ನಕಲಿನ ನಕಲಾಗಿ ಊರೂರು ಸುತ್ತಿ, ನ್ಯೂಜೆರ್ಸಿಯ ಸಂತೆಯಲ್ಲಿ ರೆಕಾರ್ಡು ಮಾರುತ್ತಿದ್ದ ಜಾನ್ ಜಜುಲ ಎಂಬಾತನ ಕಿವಿಗೆ ಬಿತ್ತು. ಆತ ಬ್ಯಾಂಡನ್ನು ಕರೆಸಿಕೊಂಡು, ಅವರಿಗಾಗಿ ಮೆಗಾಫೋರ್ಸ್ ಎಂಬ ಸಣ್ಣ ಲೇಬಲ್ ಕಟ್ಟಿ, 1983ರಲ್ಲಿ ಅವರ ಮೊದಲ ಆಲ್ಬಂ ತಂದ. ಬ್ಯಾಂಡಿನ ಹೆಸರು ಮೆಟಾಲಿಕಾ. 2000ದಲ್ಲಿ ಇದೇ ಮೆಟಾಲಿಕಾ, ಕೇಳುಗರು ಪರಸ್ಪರ ಹಾಡು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಮೇಲೆ ಮೊಕದ್ದಮೆ ಹೂಡಿತು. 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಹೆಸರಿನ ಪಟ್ಟಿಯನ್ನು ಉಲ್ರಿಕ್ ಖುದ್ದಾಗಿ ಒಯ್ದು ನ್ಯಾಪ್‌ಸ್ಟರ್ ಕಚೇರಿಗೆ ಒಪ್ಪಿಸಿದ. ನ್ಯಾಪ್‌ಸ್ಟರ್ ಒಂದು ಕಂಪನಿ, ಅದು ಹಾಸ್ಟೆಲಿನ ಗೆಳೆಯನಲ್ಲ ಎಂಬ ವಾದಕ್ಕೆ ತೂಕವಿದೆ. ಆದರೆ ಪಟ್ಟಿಯಲ್ಲಿ ಇದ್ದವರು ಕೇಳುಗರು. ಏರಿದ ಏಣಿಯನ್ನು ಒದ್ದವರು, 2015ರಲ್ಲಿ ಆ ಹಳೆಯ ಡೆಮೊವನ್ನು ಮತ್ತೆ ಕ್ಯಾಸೆಟ್ ರೂಪದಲ್ಲೇ ಮಾರಾಟಕ್ಕಿಟ್ಟರು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಪ್ರತಿ ಹಾಡಿಗೂ ದನಿಗೂಡಿಸಿದ ನಡುವಯಸ್ಸಿನವರಲ್ಲಿ ಎಷ್ಟೋ ಮಂದಿಗೆ ಆ ಬ್ಯಾಂಡಿನ ಮೊದಲ ಪರಿಚಯ ಯಾರದೋ ಕೈಬರಹದ ಕ್ಯಾಸೆಟ್ಟಿನಿಂದ ಆಗಿತ್ತು. ಆ ಸಂಜೆಯ ಟಿಕೆಟ್ಟಿನ ದುಡ್ಡು ಯಾರು ಬಿತ್ತಿದ ಬೆಳೆ?

ಭಾರತದಲ್ಲೇ ಇನ್ನೂ ಒಳ್ಳೆಯ ಉದಾಹರಣೆಯಿದೆ. ದೆಹಲಿಯ ಇಂಡಿಯನ್ ಓಶನ್ ಬ್ಯಾಂಡಿನ ಮೊದಲ ಆಲ್ಬಂ 1993ರಲ್ಲಿ ಬಂತು. 1997ರಲ್ಲಿ 'ಡೆಸರ್ಟ್ ರೇನ್' ಬಂತು. ಅದು ಸ್ಟುಡಿಯೋದಲ್ಲಿ ಮಾಡಿದ್ದಲ್ಲ, ನೇರ ಕಾರ್ಯಕ್ರಮದ ಧ್ವನಿಮುದ್ರಣ. 2000ದಲ್ಲಿ 'ಕಂಡೀಸಾ' ಬಂತು. ಶೀರ್ಷಿಕೆಯ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ, ಭಾಷೆ ಅರಾಮಿಕ್. ಅದರಲ್ಲೇ 'ಮಾ ರೇವಾ' ಎಂಬ ಹಾಡು ನರ್ಮದಾ ಕಣಿವೆಯದು. ಬಾಸ್ ಗಿಟಾರ್ ನುಡಿಸುವ ರಾಹುಲ್ ರಾಮ್ ನರ್ಮದಾ ಬಚಾವೋ ಆಂದೋಲನದಲ್ಲಿ ಓಡಾಡಿದವರು. ಜೊತೆಗೆ ತಬಲಾ, ಡ್ರಮ್ಸ್, ಸುಷ್ಮಿತ್ ಸೇನ್ ಅವರ ಗಿಟಾರ್. ಈ ಕ್ಯಾಸೆಟ್ಟನ್ನು ಅಂಗಡಿಯವನು ಯಾವ ಕಪಾಟಿನಲ್ಲಿ ಇಡಬೇಕು? ಸಿನಿಮಾ ಹಾಡಲ್ಲ, ಗಜಲ್ ಅಲ್ಲ, ಶಾಸ್ತ್ರೀಯವಲ್ಲ, ಭಕ್ತಿಗೀತೆಯಲ್ಲ, ಇಂಗ್ಲಿಷ್ ಪಾಪ್ ಅಂತೂ ಅಲ್ಲ. ಕಪಾಟಿಲ್ಲದ ಸಂಗೀತಕ್ಕೆ ಉದ್ಯಮದಲ್ಲಿ ವಿಳಾಸವೇ ಇರುವುದಿಲ್ಲ.

ಗೆಳೆಯನಿಗೆ ಕಪಾಟು ಬೇಡ. ಅವನು ಡೈರ್ ಸ್ಟ್ರೇಟ್ಸ್ ಮತ್ತು ಎ. ಆರ್. ರೆಹಮಾನ್ ನಡುವೆ ಕಂಡೀಸಾ ಇಡಬಲ್ಲ. ಇವನಿಗೆ ಇದು ಹಿಡಿಸುತ್ತದೆ ಎಂದು ಅವನಿಗೆ ಗೊತ್ತು. ಯಾಕೆಂದರೆ ಹಿಂದಿನ ವಾರ ಚಹಾ ಅಂಗಡಿಯ ಮುಂದೆ ಇವನು ಯಾವ ತಾಳಕ್ಕೆ ಬೆರಳು ಬಡಿಯುತ್ತಿದ್ದ ಎಂಬುದನ್ನು ಅವನು ನೋಡಿದ್ದಾನೆ. ಇಂಡೀ ಬ್ಯಾಂಡು ಬದುಕುವುದು ಇಂಥ ಕಣ್ಣಳತೆಯ ಮೇಲೆ. ಇಂಡಿಯನ್ ಓಶನ್ ಈ ಸತ್ಯವನ್ನು ಯಾವ ಕಂಪನಿಗಿಂತಲೂ ಚೆನ್ನಾಗಿ ಅರ್ಥಮಾಡಿಕೊಂಡಿತ್ತು. 2010ರಲ್ಲಿ '16/330 ಖಜೂರ್ ರೋಡ್' ಆಲ್ಬಮ್ಮಿನ ಹಾಡುಗಳನ್ನು ಬ್ಯಾಂಡು ತಿಂಗಳಿಗೊಂದರಂತೆ ಅಂತರ್ಜಾಲದಲ್ಲಿ ಉಚಿತವಾಗಿ ಹಂಚಿತು. ಕೇಳಿದವರು ಕಾರ್ಯಕ್ರಮಕ್ಕೆ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಇಟ್ಟ ಹೆಜ್ಜೆ ಅದು. ಕ್ಯಾಸೆಟ್ ತುಂಬಿಸಿಕೊಟ್ಟ ಗೆಳೆಯನ ಕೆಲಸವನ್ನು ಬ್ಯಾಂಡೇ ಕೈಗೆತ್ತಿಕೊಂಡಿತು.

ಇಲ್ಲಿ ಒಂದು ಗೆರೆ ಎಳೆಯಬೇಕು. ಮುಖಪುಟವನ್ನೂ ನಕಲು ಮಾಡಿ, ಸಾವಿರಗಟ್ಟಲೆ ಅಚ್ಚುಹಾಕಿ, ಫುಟ್‌ಪಾತಿನ ಮೇಲೆ ಮಾರಿದವನು ಗೆಳೆಯನಲ್ಲ. ಅವನು ವ್ಯಾಪಾರಿ, ಕಲಾವಿದನಿಗೆ ಸಲ್ಲಬೇಕಾದ್ದನ್ನು ತನ್ನ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡವನು. ಅವನನ್ನು ಕಳ್ಳ ಎನ್ನಲು ಯಾರ ಅಡ್ಡಿಯೂ ಇಲ್ಲ. ಉದ್ಯಮದ ಪ್ರಚಾರ ಮಾಡಿದ ಮೋಸವೆಂದರೆ, ಇವನನ್ನೂ ಗೆಳೆಯನನ್ನೂ ಒಂದೇ ತಲೆಬುರುಡೆಯ ಕೆಳಗೆ ನಿಲ್ಲಿಸಿದ್ದು. ಗೆಳೆಯ ಮಾರಲಿಲ್ಲ. ಖಾಲಿ ಕ್ಯಾಸೆಟ್ಟಿನ ದುಡ್ಡು ಬಿಟ್ಟರೆ ಏನನ್ನೂ ಪಡೆಯಲಿಲ್ಲ, ಎಷ್ಟೋ ಸಲ ಅದನ್ನೂ ತಾನೇ ಹಾಕಿದ.

ಇನ್ನು ಕಾನೂನಿನ ಪಾವಿತ್ರ್ಯದ ಮಾತನ್ನು ಭಾರತದ ಉದ್ಯಮ ಆಡುವಾಗ ಸ್ವಲ್ಪ ಹಿಂದೆ ತಿರುಗಿ ನೋಡಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ, ಹಾಡನ್ನು ಬೇರೆ ಗಾಯಕರಿಂದ ಮತ್ತೆ ಹಾಡಿಸಿ ಮಾರಲು ಅವಕಾಶ ಕೊಡುವ ಕಂಡಿಕೆ ಇತ್ತು. ಎಂಬತ್ತರ ದಶಕದಲ್ಲಿ ಟಿ-ಸೀರೀಸ್ ಎಚ್‌ಎಂವಿಯ ಹಳೆಯ ಸಿನಿಮಾ ಹಾಡುಗಳನ್ನು ಹೀಗೆ ಹೊಸ ದನಿಗಳಲ್ಲಿ ಹಾಡಿಸಿ, ಅಗ್ಗದ ಕ್ಯಾಸೆಟ್ ಮಾಡಿ, ಮಾರುಕಟ್ಟೆಯನ್ನೇ ತಿರುಗಿಸಿಹಾಕಿತು. ಅದು ಜಾಣ ವ್ಯಾಪಾರ ಎನಿಸಿಕೊಂಡಿತು. ಇನ್ನೊಂದು ಕಡೆ, ಹಾಡು ಬರೆದ ಕವಿ, ರಾಗ ಹಾಕಿದ ಸಂಯೋಜಕ ಒಂದು ಸಲ ದುಡ್ಡು ಪಡೆದು ಎಲ್ಲ ಹಕ್ಕನ್ನೂ ಬರೆದುಕೊಡುವ ಪದ್ಧತಿ ದಶಕಗಳ ಕಾಲ ನಡೆಯಿತು. ರಾಯಲ್ಟಿಯಲ್ಲಿ ಅವರಿಗೆ ಬಿಟ್ಟುಕೊಡಲಾಗದ ಸಮಪಾಲು ಇದೆ ಎಂದು ಕಾಯ್ದೆ ಹೇಳಿದ್ದು 2012ರ ತಿದ್ದುಪಡಿಯಲ್ಲಿ. ಅದಕ್ಕಾಗಿ ಜಾವೇದ್ ಅಖ್ತರ್ ರಾಜ್ಯಸಭೆಯ ಒಳಗೂ ಹೊರಗೂ ಹೋರಾಡಬೇಕಾಯಿತು. ಅಷ್ಟೂ ವರ್ಷ ಕಲಾವಿದನ ಪಾಲು ಹೋಗುತ್ತಿದ್ದುದು ಹಾಸ್ಟೆಲ್ ಕೋಣೆಗಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದಾಗ, ಹೊಲದ ಬದುವಿನಲ್ಲಿ ಹೂ ಕಿತ್ತವನ ಮೇಲೆ ದೂರು ದಾಖಲಾಯಿತು.

ಈಗಿನ ಮಾತಿಗೆ ಬರಬಹುದು. ಇಂದು ಎಲ್ಲವೂ ನ್ಯಾಯಬದ್ಧ. ಸ್ಪಾಟಿಫೈ ಭಾರತಕ್ಕೆ ಬಂದಿದ್ದು 2019ರ ಫೆಬ್ರವರಿಯಲ್ಲಿ. ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ ಕೊಟ್ಟರೆ, ಅಥವಾ ಜಾಹೀರಾತು ಸಹಿಸಿಕೊಂಡರೆ, ಲೋಕದ ಸಂಗೀತವೆಲ್ಲ ಕೈಯಲ್ಲಿ. ಕದಿಯುವ ಅಗತ್ಯವೇ ಇಲ್ಲ. ಹಾಗಾದರೆ ಸಣ್ಣ ಬ್ಯಾಂಡಿಗೆ ಸುಗ್ಗಿ ಬಂದಿರಬೇಕಲ್ಲ?

ದುಡ್ಡು ಹೇಗೆ ಹಂಚಿಕೆಯಾಗುತ್ತದೆ ನೋಡಿ. ಕೇಳುಗರ ಚಂದಾ, ಜಾಹೀರಾತಿನ ಹಣ ಎಲ್ಲ ಒಂದೇ ಹಂಡೆಗೆ ಬೀಳುತ್ತದೆ. ಕಂಪನಿಯ ಪಾಲು ತೆಗೆದಮೇಲೆ ಉಳಿದದ್ದು, ಒಟ್ಟು ಕೇಳಿಕೆಯಲ್ಲಿ ಯಾವ ಹಾಡಿನ ಪಾಲು ಎಷ್ಟು ಎಂಬ ಲೆಕ್ಕದಲ್ಲಿ ಹಕ್ಕುದಾರರಿಗೆ ಹೋಗುತ್ತದೆ. ಅಂದರೆ ಪುಣೆಯಲ್ಲಿ ಕೂತ ಒಬ್ಬ ಕೇಳುಗ ಇಡೀ ತಿಂಗಳು ಒಂದೇ ಸಣ್ಣ ಬ್ಯಾಂಡನ್ನು ಕೇಳಿದರೂ ಅವನ ಚಂದಾ ಆ ಬ್ಯಾಂಡಿಗೆ ಹೋಗುವುದಿಲ್ಲ. ಅದರ ಬಹುಪಾಲು, ಅವನು ಒಮ್ಮೆಯೂ ಕೇಳದ ತಾರೆಗಳ ಖಾತೆಗೆ ಹೋಗುತ್ತದೆ. ತಾನು ಬ್ಯಾಂಡಿಗೆ ದುಡ್ಡು ಕೊಡುತ್ತಿದ್ದೇನೆ ಎಂಬ ಸಮಾಧಾನ ಮಾತ್ರ ಅವನದು.

2024ರಿಂದ ಇನ್ನೊಂದು ನಿಯಮ ಸೇರಿತು. ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ ಧ್ವನಿಮುದ್ರಣದ ರಾಯಲ್ಟಿ ಲೆಕ್ಕ ಹಾಕುವುದಿಲ್ಲ. ಆ ಹಣ ಗೆರೆ ದಾಟಿದ ಹಾಡುಗಳ ನಡುವೆ ಹಂಚಿಹೋಗುತ್ತದೆ. ಕಂಪನಿಯ ಸಮರ್ಥನೆ ಹೀಗಿದೆ: ಇಂಥ ಹಾಡುಗಳಿಗೆ ಸಲ್ಲುವುದು ತಿಂಗಳಿಗೆ ಕೆಲವೇ ಪೈಸೆ, ವಿತರಕರು ಇಟ್ಟ ಕನಿಷ್ಠ ಮೊತ್ತ ತಲುಪದೆ ಅದು ಕಲಾವಿದರ ಕೈಗೆ ಹೇಗೂ ಸೇರುವುದಿಲ್ಲ. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ: ಹತ್ತು ಹಾಡಿನ ಆಲ್ಬಂ, ಪ್ರತಿ ಹಾಡೂ ವರ್ಷಕ್ಕೆ 900 ಸಲ ಕೇಳಿದ್ದು, ಒಟ್ಟು 9000 ಕೇಳಿಕೆ, ಹುಟ್ಟುವಳಿ ಸೊನ್ನೆ. ಬಡವನ ಜೇಬಿನಲ್ಲಿರುವುದು ಹೇಗೂ ಚಿಲ್ಲರೆ, ಅದು ಅವನ ಖರ್ಚಿಗೂ ಸಾಲದು, ಆದ್ದರಿಂದ ಸಾಹುಕಾರನಿಗೆ ಕೊಡೋಣ ಎನ್ನುವ ನ್ಯಾಯ ಇದು. ಕ್ಯಾಸೆಟ್ ತುಂಬಿಸಿದ ಗೆಳೆಯನೂ ಬ್ಯಾಂಡಿಗೆ ಸೊನ್ನೆಯನ್ನೇ ಕೊಟ್ಟ, ನಿಜ. ಆದರೆ ಬ್ಯಾಂಡಿನ ಪಾಲನ್ನು ತೆಗೆದು ಬೇರೆಯವರಿಗೆ ಹಂಚಲಿಲ್ಲ.

ಹಣದ ಮಾತು ಪಕ್ಕಕ್ಕಿಟ್ಟರೂ, ಪರಿಚಯ ಮಾಡಿಸುವ ಕೆಲಸವನ್ನಾದರೂ ಯಂತ್ರ ಪ್ರಾಮಾಣಿಕವಾಗಿ ಮಾಡುತ್ತಿದೆಯೇ? 2020ರಲ್ಲಿ ಸ್ಪಾಟಿಫೈ 'ಡಿಸ್ಕವರಿ ಮೋಡ್' ಎಂಬ ಏರ್ಪಾಟು ತಂದಿತು. ಕಲಾವಿದ ಅಥವಾ ಲೇಬಲ್ ಒಂದು ಹಾಡನ್ನು ಅದಕ್ಕೆ ಸೇರಿಸಿದರೆ, ಯಂತ್ರ ತಾನಾಗಿ ಹಾಡು ಆರಿಸುವ ಜಾಗಗಳಲ್ಲಿ ಆ ಹಾಡಿಗೆ ಮುಂದೆ ಬರುವ ಸಾಧ್ಯತೆ ಹೆಚ್ಚುತ್ತದೆ. ಪ್ರತಿಯಾಗಿ, ಹಾಗೆ ಕೇಳಿಸಿದ ಹಾಡಿನ ರಾಯಲ್ಟಿಯಲ್ಲಿ 30 ಶೇಕಡಾ ಕಮಿಷನ್ ಕಂಪನಿಗೆ. ಕೈಯಿಂದ ದುಡ್ಡು ಕೊಡಬೇಕಿಲ್ಲ, ಬರುವುದರಲ್ಲಿ ಕಡಿದುಕೊಳ್ಳುತ್ತಾರೆ. ರೇಡಿಯೋ ಕಾಲದಲ್ಲಿ ಹಾಡು ಹಾಕಿಸಲು ಅನೌನ್ಸರುಗಳಿಗೆ ಕವರು ಕೊಡುವುದನ್ನು ಅಮೆರಿಕದಲ್ಲಿ ಲಂಚ ಎಂದು ಕರೆದು ಕಾನೂನು ಮಾಡಿದ್ದರು. ಈಗ ಕವರು ಒಪ್ಪಂದದ ಕರಾರಾಗಿದೆ. ಅಮೆರಿಕದ ಪತ್ರಕರ್ತೆ ಲಿಜ್ ಪೆಲಿ 2025ರಲ್ಲಿ ತಂದ 'ಮೂಡ್ ಮಷೀನ್' ಪುಸ್ತಕದಲ್ಲಿ ಇನ್ನೊಂದು ಸಂಗತಿಯನ್ನು ವಿವರವಾಗಿ ದಾಖಲಿಸಿದ್ದಾರೆ. ಓದುವಾಗ, ಮಲಗುವಾಗ, ಕೆಲಸ ಮಾಡುವಾಗ ಕೇಳಲೆಂದು ಇರುವ ಪಟ್ಟಿಗಳಲ್ಲಿ, ಅಗ್ಗದ ದರಕ್ಕೆ ಮಾಡಿಸಿದ, ಕಾಲ್ಪನಿಕ ಹೆಸರುಗಳ ಸಂಗೀತವನ್ನು ತುಂಬಲಾಗಿದೆ. ಕೇಳುಗನ ಕಿವಿಗೆ ಬೀಳುವ ಹಾಡು ಅವನಿಗೆ ಹಿಡಿಸಬಹುದೆಂದು ಬಂತೋ, ಕಂಪನಿಗೆ ಅಗ್ಗವಾಯಿತೆಂದು ಬಂತೋ ಎಂದು ತಿಳಿಯುವ ದಾರಿಯೇ ಇಲ್ಲ. ಗೆಳೆಯನ ಕ್ಯಾಸೆಟ್ಟಿನಲ್ಲಿ ಈ ಅನುಮಾನ ಯಾರಿಗೂ ಬಂದಿರಲಿಲ್ಲ.

ಎದುರು ವಾದವೊಂದು ಗಟ್ಟಿಯಾಗಿದೆ, ಅದನ್ನು ತಪ್ಪಿಸಿಕೊಂಡು ಹೋಗಬಾರದು. ಎಲ್ಲರಿಗೂ ಅಂಥ ಗೆಳೆಯ ಎಲ್ಲಿದ್ದ? ಡಬಲ್ ಡೆಕ್ ಇದ್ದದ್ದು ಉಳ್ಳವರ ಮನೆಯಲ್ಲಿ. ದುಬೈಯಿಂದ ಚಿಕ್ಕಪ್ಪ ಕ್ಯಾಸೆಟ್ ತಂದುಕೊಡುತ್ತಿದ್ದುದು ಕೆಲವರಿಗೆ. ಹುಡುಗರ ಹಾಸ್ಟೆಲಿನಲ್ಲಿ ಕೈ ಬದಲಾಯಿಸಿದ ಕ್ಯಾಸೆಟ್ಟು ಹುಡುಗಿಯರ ಹಾಸ್ಟೆಲಿನ ಗೇಟು ದಾಟಿದ್ದು ಅಪರೂಪ, ದಾಟಿದರೂ ಅದರ ಹಿಂದೆ ಬೇರೆ ಉದ್ದೇಶವಿರುತ್ತಿತ್ತು. ಒಳ್ಳೆಯ ಕಿವಿಯಿದ್ದೂ ಅಂಥ ಬಳಗ ಸಿಗದ ಸಣ್ಣ ಊರಿನ ಹುಡುಗಿಯೊಬ್ಬಳಿಗೆ ಇಂದು ಫೋನು ತೆರೆದಿಡುವ ಲೋಕ ಅಂದು ಕನಸಿನಲ್ಲೂ ಇರಲಿಲ್ಲ. 'ಅದನ್ನು ಕೇಳಿಲ್ಲವಾ?' ಎಂದು ಮೂಗು ಮುರಿಯುವ ಗತ್ತೂ ಈ ಕ್ಯಾಸೆಟ್ ಗೆಳೆಯರಲ್ಲಿ ಧಾರಾಳವಾಗಿತ್ತು.

ಇದೆಲ್ಲ ಒಪ್ಪತಕ್ಕದ್ದೇ. ಆದರೆ ಇದರಿಂದ ಹೊರಡುವ ತೀರ್ಮಾನ ಬೇರೆ. ಯಂತ್ರ ಬಾಗಿಲು ತೆರೆದಿದೆ, ಸಂತೋಷ. ಕೋಟಿಗಟ್ಟಲೆ ಹಾಡಿರುವ ಉಗ್ರಾಣದ ಬಾಗಿಲಲ್ಲಿ ನಿಂತವರಿಗೆ ಬೇಕಾದದ್ದು, ಇದನ್ನು ಕೇಳು ಎಂದು ಕೈ ಹಿಡಿದು ಕರೆದೊಯ್ಯುವವರು. ಬಾಗಿಲು ಎಲ್ಲರಿಗೂ ತೆರೆದಿರುವಾಗ ಆ ಗೆಳೆತನವೂ ಎಲ್ಲರಿಗೂ ಸಿಗುವಂತಾಗಬೇಕಿತ್ತು. ಆದದ್ದು ತದ್ವಿರುದ್ಧ. ಡಬಲ್ ಡೆಕ್ ಬೇಡದ, ಗೇಟು ಅಡ್ಡ ಬರದ ಕಾಲ ಬಂದಾಗಲೇ ಕೇಳುಗರು ಆ ಕೆಲಸವನ್ನು ಕಂಪನಿಗೆ ವಹಿಸಿ ಕೈತೊಳೆದುಕೊಂಡರು. ಅಂದು ಗೆಳೆಯನಾಗಲು ಅನುಕೂಲ ಇದ್ದವರು ಕೆಲವರು, ಆದರೂ ಆದರು. ಇಂದು ಅನುಕೂಲ ಎಲ್ಲರಿಗಿದೆ, ಮನಸ್ಸು ಮಾಡುವವರಿಲ್ಲ.

'ದಿನಕ್ಕೆ ಹತ್ತು ಲಿಂಕು ಕಳಿಸುತ್ತೇವಲ್ಲ' ಎನ್ನುವವರಿದ್ದಾರೆ. ಗುಂಪಿನ ನೂರು ಜನರಿಗೆ ಒಟ್ಟಿಗೆ ತಳ್ಳಿದ ಲಿಂಕು ಯಾರಿಗೂ ಕಳಿಸಿದ್ದಲ್ಲ. ಕ್ಯಾಸೆಟ್ಟಿಗೆ ಬೆಲೆ ಬಂದದ್ದು ಅದು ಒಬ್ಬರಿಗಾಗಿ ಮಾಡಿದ್ದು ಎಂಬುದರಿಂದ, ಮಾಡಿದವನು ನಾಳೆ ಎದುರಿಗೆ ಸಿಕ್ಕಿ 'ಎರಡನೇ ಬದಿಯ ಮೂರನೇ ಹಾಡು ಹೇಗಿತ್ತು?' ಎಂದು ಕೇಳುತ್ತಾನೆ ಎಂಬುದರಿಂದ. ಹಿಡಿಸದಿದ್ದರೆ ಅವನ ಮಾನ ಹೋಗುತ್ತಿತ್ತು. ಯಂತ್ರದ ಶಿಫಾರಸು ತಪ್ಪಿದರೆ ಯಾರ ಮಾನವೂ ಹೋಗುವುದಿಲ್ಲ, ಮುಂದಿನ ಹಾಡು ಬರುತ್ತದೆ.

ಊರು ಬಿಟ್ಟ ಕನ್ನಡಿಗರಿಗೆ ಈ ಮಾತು ಇನ್ನೂ ಹತ್ತಿರದ್ದು. 1978ರಲ್ಲಿ ಬಂದ 'ನಿತ್ಯೋತ್ಸವ', ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. ಮುಂಬಯಿಯ ಚಾಳಿಗೂ ದೆಹಲಿಯ ಸರ್ಕಾರಿ ಕ್ವಾರ್ಟರ್ಸಿಗೂ ಇಂಥ ಸುರುಳಿಗಳು ಹೋದದ್ದು ರಜೆಗೆ ಊರಿಗೆ ಹೋಗಿ ಬಂದವರ ಟ್ರಂಕಿನಲ್ಲಿ. ಒಂದು ಮನೆಗೆ ಬಂದದ್ದು ನಾಲ್ಕು ಮನೆ ಸುತ್ತುತ್ತಿತ್ತು. ಅದಕ್ಕೂ ಮೊದಲು, ಶಿಶುನಾಳ ಷರೀಫರ ಪದಗಳು ಯಂತ್ರವೇ ಇಲ್ಲದ ಕಾಲದಲ್ಲಿ ಬಾಯಿಂದ ಬಾಯಿಗೆ ಬಂದವು; ಸಿ. ಅಶ್ವಥ್ ಅವುಗಳನ್ನು ಸುರುಳಿಗೆ ತಂದರು. ರಘು ದೀಕ್ಷಿತ್ ಗಿಟಾರಿನೊಂದಿಗೆ ಹೊಸ ತಲೆಮಾರಿಗೆ ಒಯ್ದರು. ಈ ಸರಪಣಿಯ ಪ್ರತಿ ಕೊಂಡಿಯೂ ಒಬ್ಬ ಮನುಷ್ಯ. ಇಂದು ಕನ್ನಡದಲ್ಲಿ ಹಾಡು ಕಟ್ಟುವ, ಸಿನಿಮಾದ ಹಂಗಿಲ್ಲದ ಬ್ಯಾಂಡಿಗೆ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಇರುವ ಕನ್ನಡಿಗ ಸಹಜ ಕೇಳುಗ. ಅವರಿಬ್ಬರನ್ನು ಪರಿಚಯಿಸಿ ಯಾವ ಕಂಪನಿಗೂ ದೊಡ್ಡ ಲಾಭವಿಲ್ಲ. ಲಾಭವಿಲ್ಲದ ಕೆಲಸವನ್ನು ಗೆಳೆಯರೇ ಮಾಡಬೇಕು.

ಹಾಗೆಂದು ಹಳೆಯ ಕ್ಯಾಸೆಟ್ಟಿಗೆ ಪೂಜೆ ಬೇಡ. ಅದರ ಹಿಸ್ಸೆನ್ನುವ ಸದ್ದು, ರೀಲು ಸಿಕ್ಕಿಕೊಂಡು ಪೆನ್ಸಿಲಿನಿಂದ ಸುತ್ತಿದ ಸಂಕಟ ಮರಳಿ ಬರಬೇಕಿಲ್ಲ. ಈಗ ಮತ್ತೆ ಫ್ಯಾಷನ್ನಾಗಿರುವ ಕ್ಯಾಸೆಟ್ಟುಗಳನ್ನು, ಹಾಕಲು ಯಂತ್ರವೇ ಇಲ್ಲದ ಮನೆಯಲ್ಲಿ ಅಲಂಕಾರಕ್ಕೆ ಇಡುವುದು ಆ ಗೆಳೆಯನಿಗೆ ಸಲ್ಲಿಸುವ ಗೌರವವೂ ಅಲ್ಲ. ಹಾಗೆಯೇ ಆ್ಯಪಿನೊಳಗೆ ಕಟ್ಟಿದ ಪಟ್ಟಿ ಶಾಶ್ವತ ಎಂಬ ಭ್ರಮೆಯೂ ಬೇಡ. 2024 ಒಂದೇ ವರ್ಷದಲ್ಲಿ ರೆಸ್ಸೋ ಮತ್ತು ವಿಂಕ್ ಎರಡೂ ಭಾರತದಲ್ಲಿ ಅಂಗಡಿ ಮುಚ್ಚಿದವು.

ಮಾಡಬೇಕಾದ್ದು ಸಣ್ಣದು. ಒಂದು ಬ್ಯಾಂಡು ಹಿಡಿಸಿದರೆ ಅದರ ಆಲ್ಬಮ್ಮನ್ನು ಒಮ್ಮೆ ದುಡ್ಡು ಕೊಟ್ಟು ಕೊಳ್ಳುವುದು. ಬ್ಯಾಂಡ್‌ಕ್ಯಾಂಪಿನಂಥ ತಾಣದಲ್ಲಿ ಡಿಜಿಟಲ್ ಮಾರಾಟದ ಮೇಲೆ ತಾಣದ ಪಾಲು 15 ಶೇಕಡಾ. ಪಾವತಿಯ ಖರ್ಚು ಕಳೆದು ಉಳಿದದ್ದು ಕಲಾವಿದರಿಗೆ ಇಲ್ಲವೇ ಅವರ ಲೇಬಲ್ಲಿಗೆ. ಒಂದು ಆಲ್ಬಂ ಕೊಂಡರೆ ವರ್ಷಗಟ್ಟಲೆ ಹಾಡು ಓಡಿಸಿದ್ದಕ್ಕಿಂತ ಹೆಚ್ಚು ದುಡ್ಡು ಅವರಿಗೆ ಸಿಗುತ್ತದೆ. ಊರಿಗೆ ಅವರು ಬಂದಾಗ ಟಿಕೆಟ್ ಕೊಂಡು ಹೋಗುವುದು, ಪಾಸಿಗಾಗಿ ಕಾಯದಿರುವುದು. ಆಮೇಲೆ, ನೂರು ಜನರ ಗುಂಪಿಗೆ ಬೇಡ, ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಹತ್ತು ಹಾಡು ಆರಿಸುವುದು. ಅವರಿಗೆ ಗೊತ್ತಿರುವ ಆರು, ಗೊತ್ತಿಲ್ಲದ ನಾಲ್ಕು. ಪ್ರತಿ ಹಾಡಿನ ಎದುರು, ಇದನ್ನು ಯಾಕೆ ಇಟ್ಟೆ ಎಂದು ಒಂದು ಸಾಲು ಬರೆಯುವುದು. ವಾರ ಬಿಟ್ಟು ಫೋನು ಮಾಡಿ ಕೇಳುವುದು.

ಕ್ಯಾಸೆಟ್ ತುಂಬಿಸಿಕೊಟ್ಟ ಆ ಗೆಳೆಯ ಈಗ ಎಲ್ಲೋ ಇದ್ದಾನೆ, ನಡುವಯಸ್ಸು ದಾಟಿ, ಬಹುಶಃ ಇದೇ ಪುಣೆ, ಮುಂಬಯಿ, ದೆಹಲಿಯಲ್ಲಿ. ತನ್ನಿಂದ ಒಂದು ಬ್ಯಾಂಡು ಎಷ್ಟು ಜನಕ್ಕೆ ತಲುಪಿತೆಂದು ಅವನಿಗೆ ಗೊತ್ತಿಲ್ಲ. ಅವನ ತಲೆಯ ಮೇಲಿನ ಮೂಳೆಯ ಗುರುತನ್ನು ಅಳಿಸುವ ಕೆಲಸ ಕೋರ್ಟಿನದಲ್ಲ, ಅವನ ಕ್ಯಾಸೆಟ್ ಕೇಳಿ ಬೆಳೆದವರದು. ಪಟ್ಟಿ ಮಾಡಲು ಹೊರಟವರು ಮೊದಲ ಪಟ್ಟಿಯನ್ನು ಅವನಿಗೇ ಕಳಿಸಬಹುದು.